ಹೆರಿಗೆಯಾದ ಐದು ತಿಂಗಳಿಗೆ ಬಂದ ಡಬ್ಬಿ: ಬಸಿರಿನ ಸಕ್ಕರೆ, ಪ್ರೋಬಯಾಟಿಕ್ ಮತ್ತು ತಪ್ಪಿಹೋದ ಒಂದು ಪರೀಕ್ಷೆ

ಆಕೆ ಮಗುವನ್ನು ತಮ್ಮ ತಾಯಿಯ ಮಡಿಲಿಗೆ ಕೊಟ್ಟು, ಕೈಚೀಲದಿಂದ ಬಿಳಿಯ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಮೂವತ್ತು ಕ್ಯಾಪ್ಸೂಲುಗಳ ಡಬ್ಬಿ, ಅರ್ಧ ಖಾಲಿಯಾಗಿತ್ತು. ‘ಇದನ್ನು ಆರು ತಿಂಗಳು ಬಿಡದೆ ತಗೊಂಡರೆ ಮುಂದೆ ಸಕ್ಕರೆ ಕಾಯಿಲೆ ಬರೋದಿಲ್ಲವಂತೆ, ಹೌದಾ ಮೇಡಂ?’ ಎಂದು ಕೇಳಿದರು. ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡಿತ್ತು. ಹೆರಿಗೆಯ ನಂತರ ಅದು ಹೋಯಿತೆಂದು ಎಲ್ಲರೂ ಹೇಳಿದ್ದರು. ಆದರೆ ತಾಯಿಗೂ ಸೋದರಮಾವನಿಗೂ ಮಧುಮೇಹವಿದ್ದ ಮನೆಯಲ್ಲಿ ಬೆಳೆದ ಆಕೆಗೆ ಆ ಮಾತಿನ ಮೇಲೆ ಪೂರ್ತಿ ನಂಬಿಕೆ ಹುಟ್ಟಿರಲಿಲ್ಲ. ಹತ್ತಿರದ ನೆಂಟರೊಬ್ಬರು ಹೇಳಿದರೆಂದು, ತಿಂಗಳಿಗೆ ಸುಮಾರು 900 ರೂಪಾಯಿ ಕೊಟ್ಟು, ಈ ಪ್ರೋಬಯಾಟಿಕ್, ಅಂದರೆ ಒಳ್ಳೆಯದು ಮಾಡುತ್ತವೆನ್ನುವ ಸಜೀವ ಬ್ಯಾಕ್ಟೀರಿಯಾಗಳ, ಕ್ಯಾಪ್ಸೂಲುಗಳನ್ನು ತಾವಾಗಿಯೇ ಶುರುಮಾಡಿದ್ದರು.

ಪಥ್ಯ ಮತ್ತು ಆಹಾರದ ಸಲಹೆ ಕೊಡುವುದು ನನ್ನ ವೃತ್ತಿ. ಇಲ್ಲಿ ವಿವರಿಸುತ್ತಿರುವ ತಾಯಿ ಯಾವುದೇ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಯಾರ ಗುರುತೂ ಹೊರಬೀಳಬಾರದೆಂಬ ಕಾರಣಕ್ಕೆ, ಇಂಥ ಸ್ಥಿತಿಯಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಪ್ರಕರಣವಾಗಿ ಹೆಣೆದಿದ್ದೇನೆ. ಉಲ್ಲೇಖಿಸಿರುವ ಅಧ್ಯಯನಗಳೂ ಅವುಗಳ ಅಂಕಿಗಳೂ ಪ್ರಕಟವಾದವು.

ಹಿನ್ನೆಲೆ

ವಯಸ್ಸು 29, ಮೊದಲ ಹೆರಿಗೆ, ಎತ್ತರ 154 ಸೆಂ.ಮೀ. ಗರ್ಭದ 26ನೇ ವಾರದಲ್ಲಿ 75 ಗ್ರಾಂ ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸಿದಾಗ ಸಕ್ಕರೆ 162 ಮಿ.ಗ್ರಾಂ ಇತ್ತು. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯ ಪ್ರಕಾರ, ಊಟ ಮಾಡಿರಲಿ ಬಿಡಲಿ, ಈ ಪರೀಕ್ಷೆಯಲ್ಲಿ 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಗರ್ಭಾವಸ್ಥೆಯ ಮಧುಮೇಹ. ಆಕೆ ಊಟದಲ್ಲಿ ಹಿಡಿತ ಸಾಧಿಸಿದರು, ಕೊನೆಯ ಎರಡು ತಿಂಗಳು ವೈದ್ಯರ ಸಲಹೆಯಂತೆ ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆಯನ್ನೂ ತೆಗೆದುಕೊಂಡರು. 38ನೇ ವಾರದಲ್ಲಿ 3.3 ಕಿಲೋ ತೂಕದ ಆರೋಗ್ಯವಂತ ಮಗು ಹುಟ್ಟಿತು. ಮೂರನೇ ದಿನ ಖಾಲಿಹೊಟ್ಟೆಯ ಸಕ್ಕರೆ ಸರಿಯಿದ್ದುದರಿಂದ ಮಾತ್ರೆ ನಿಲ್ಲಿಸಿ ಮನೆಗೆ ಕಳುಹಿಸಿದರು.

ಬಿಡುಗಡೆಯ ಚೀಟಿಯ ಕೊನೆಯ ಸಾಲಿನಲ್ಲಿ ಆರು ವಾರಕ್ಕೆ ಮತ್ತೊಮ್ಮೆ ಗ್ಲೂಕೋಸ್ ಪರೀಕ್ಷೆ ಮಾಡಿಸಬೇಕೆಂದು ಚಿಕ್ಕ ಅಕ್ಷರದಲ್ಲಿ ಬರೆದಿತ್ತು. ಆ ಹೊತ್ತಿಗೆ ಆಕೆ ತವರಿನಲ್ಲಿ ಬಾಣಂತನದಲ್ಲಿದ್ದರು, ಹೆರಿಗೆ ಮಾಡಿಸಿದ ಆಸ್ಪತ್ರೆ ಗಂಡನ ಊರಿನಲ್ಲಿತ್ತು. ಮಗುವಿಗೆ ಆರನೇ ವಾರದ ಚುಚ್ಚುಮದ್ದನ್ನು ತವರೂರಿನ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ಹಾಕಿಸಿದರು. ಮಗುವಿನ ಜೊತೆಗೇ ಕೂತಿದ್ದ ತಾಯಿಯ ಸಕ್ಕರೆಯನ್ನು ಅಂದು ಯಾರೂ ಕೇಳಲಿಲ್ಲ. ಮನೆಯವರು ಅಸಡ್ಡೆ ಮಾಡಿದರೆಂದು ನಾನು ಹೇಳಲಾರೆ. ಬಾಣಂತಿಯನ್ನು ಅಂಗೈಯಲ್ಲಿಟ್ಟು ನೋಡಿಕೊಂಡವರು ಅವರು. ಒಂದೂರಿನಲ್ಲಿ ಹೆರಿಗೆ, ಇನ್ನೊಂದೂರಿನಲ್ಲಿ ಬಾಣಂತನ ಎಂಬ ನಮ್ಮ ರೂಢಿಗೆ ಹೊಂದುವಂತೆ ತಾಯಿಯ ದಾಖಲೆ ಆಕೆಯ ಹಿಂದೆಯೇ ಸಾಗುವ ಏರ್ಪಾಡು ಇರಬೇಕಿತ್ತು, ಅದು ಇರಲಿಲ್ಲ. ನನಗೆ ಈ ಪ್ರಕರಣದ ತಿರುಳು ಇಲ್ಲೇ ಇದೆ ಎನಿಸುತ್ತದೆ. ಪರೀಕ್ಷೆ ನಡೆಯಬೇಕಿದ್ದ ಜಾಗ ಖಾಲಿ ಉಳಿದುದರಿಂದಲೇ ಅಲ್ಲಿಗೆ ಡಬ್ಬಿ ಬಂದು ಕೂತಿತು.

‘ಹೋಯಿತು’ ಎಂಬ ಮಾತು

ಬಸಿರಿನ ಸಕ್ಕರೆ ಹೆರಿಗೆಯೊಂದಿಗೆ ಹೋಗುವುದು ನಿಜ, ಅದಕ್ಕೆ ಕಾರಣವೂ ಸ್ಪಷ್ಟವಿದೆ. ಮಾಸು, ಅಂದರೆ ಪ್ಲಾಸೆಂಟಾ, ಸುರಿಸುವ ಹಾರ್ಮೋನುಗಳು ತಾಯಿಯ ದೇಹದಲ್ಲಿ ಇನ್ಸುಲಿನ್ ಸುಲಭವಾಗಿ ಕೆಲಸ ಮಾಡದಂತೆ ತಡೆಯುತ್ತವೆ. ಮಗುವಿಗೆ ಗ್ಲೂಕೋಸ್ ಸಾಕಷ್ಟು ಸಿಗಲೆಂದು ಪ್ರಕೃತಿ ಮಾಡಿಕೊಂಡ ವ್ಯವಸ್ಥೆ ಅದು. ಹೆಚ್ಚಿನ ಹೆಂಗಸರಲ್ಲಿ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸ್ರವಿಸಿ ಈ ತಡೆಯನ್ನು ಸರಿದೂಗಿಸುತ್ತದೆ. ಯಾರ ಗ್ರಂಥಿಗೆ ಆ ಹೆಚ್ಚುವರಿ ಶಕ್ತಿ ಇಲ್ಲವೋ ಅವರಲ್ಲಿ ಸಕ್ಕರೆ ಏರುತ್ತದೆ. ಹೆರಿಗೆಯಾಗಿ ಮಾಸು ಬಿದ್ದೊಡನೆ ತಡೆ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಗ್ರಂಥಿಯ ಮೂಲ ಕೊರತೆ ಮಾತ್ರ ಇದ್ದಲ್ಲೇ ಇರುತ್ತದೆ. ವಯಸ್ಸು, ತೂಕ, ಇನ್ನೊಂದು ಬಸಿರು ಇವುಗಳಲ್ಲಿ ಯಾವುದೇ ಹೊರೆ ಮತ್ತೆ ಬಿದ್ದಾಗ ಅದು ಹೊರಗೆ ಕಾಣಿಸುತ್ತದೆ.

ಇದನ್ನು ಆಕೆಗೆ ವಿವರಿಸುವಾಗ ನಾನು ದೂರದ ಉದಾಹರಣೆಗೆ ಹೋಗಲಿಲ್ಲ, ಮೈಸೂರಿನದನ್ನೇ ಹೇಳಿದೆ. 1997–98ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವಲ್ಲಿ, ಗರ್ಭಿಣಿಯರನ್ನು ವ್ಯವಸ್ಥಿತವಾಗಿ ಪರೀಕ್ಷಿಸಿದ ‘ಪಾರ್ಥೆನಾನ್’ ಅಧ್ಯಯನ ಆರಂಭವಾಯಿತು. ಅಲ್ಲಿ ಶೇ. 6.2 ಗರ್ಭಿಣಿಯರಲ್ಲಿ ಮಧುಮೇಹ ಕಂಡುಬಂತು. ಅದೇ ತಾಯಂದಿರನ್ನು ಐದು ವರ್ಷಗಳ ನಂತರ ಮತ್ತೆ ಕರೆದು ನೋಡಿದಾಗ, ಬಸಿರಿನಲ್ಲಿ ಸಕ್ಕರೆ ಇದ್ದವರಲ್ಲಿ ಶೇ. 37 ಮಂದಿಗೆ ಶಾಶ್ವತ ಮಧುಮೇಹ ಬಂದಿತ್ತು. ಬಸಿರಿನಲ್ಲಿ ಸಕ್ಕರೆ ಇಲ್ಲದವರಲ್ಲಿ ಆ ಪ್ರಮಾಣ ಶೇ. 2 ಮಾತ್ರ. ಹೊಟ್ಟೆಯ ಸುತ್ತಳತೆ, ರಕ್ತದೊತ್ತಡ, ಕೊಬ್ಬು, ಸಕ್ಕರೆ ಎಲ್ಲ ಸೇರಿ ಕೆಡುವ ಮೆಟಬಾಲಿಕ್ ಸಿಂಡ್ರೋಮ್ ಮೊದಲ ಗುಂಪಿನಲ್ಲಿ ಶೇ. 60, ಎರಡನೆಯದರಲ್ಲಿ ಶೇ. 26 ಇತ್ತು. ಸಕ್ಕರೆ ಇದ್ದ ತಾಯಂದಿರ ಗುಂಪು ಚಿಕ್ಕದು, ಹಾಗಾಗಿ ಅಂಕಿಯನ್ನು ಅಕ್ಷರಶಃ ಹಿಡಿದು ಕೂರಬೇಕಿಲ್ಲ. ಆದರೆ ಹಲವು ದೇಶಗಳ ದತ್ತಾಂಶ ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ ಇಂಥ ತಾಯಂದಿರಿಗೆ ಅಪಾಯ ಸುಮಾರು ಹತ್ತು ಪಟ್ಟು ಎಂದೇ ಹೇಳಿತು.

ಆಕೆಯ ತಾಯಿ, ಮಗುವನ್ನು ತಟ್ಟುತ್ತ ಕೇಳಿಸಿಕೊಳ್ಳುತ್ತಿದ್ದವರು, ‘ಹಾಗಾದರೆ ಈಗ ಇದೆಯೋ ಇಲ್ಲವೋ?’ ಎಂದು ಕೇಳಿದರು. ಅಂದು ಕೇಳಬೇಕಾಗಿದ್ದ ಪ್ರಶ್ನೆ ಅದೇ, ಅದಕ್ಕೆ ಉತ್ತರ ಯಾರಲ್ಲಿಯೂ ಇರಲಿಲ್ಲ.

ಒಂದು ವಾರದೊಳಗೆ ಪರೀಕ್ಷೆ ಆಯಿತು. ಖಾಲಿಹೊಟ್ಟೆಯಲ್ಲಿ 104, ಗ್ಲೂಕೋಸ್ ಕುಡಿದು ಎರಡು ಗಂಟೆಗೆ 168. ಬಸುರಿಯಲ್ಲದವರಿಗೆ ಮಧುಮೇಹದ ಗೆರೆ ಕ್ರಮವಾಗಿ 126 ಮತ್ತು 200, ಎರಡು ಗಂಟೆಯ ಅಂಕಿ 140ರಿಂದ 199ರ ನಡುವೆ ಇದ್ದರೆ ಮಧುಮೇಹದ ಹೊಸ್ತಿಲು, ಅಂದರೆ ಪ್ರೀಡಯಾಬಿಟಿಸ್. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.9 ಇತ್ತು. ಹೆರಿಗೆಯ ರಕ್ತಸ್ರಾವ ಮತ್ತು ರಕ್ತಹೀನತೆ ಈ ಅಂಕಿಯನ್ನು ದಾರಿತಪ್ಪಿಸಬಲ್ಲವು. ಆದ್ದರಿಂದ ಹೆರಿಗೆಯ ನಂತರದ ತಿಂಗಳುಗಳಲ್ಲಿ ಗ್ಲೂಕೋಸ್ ಕುಡಿಸಿ ನೋಡುವ ಪರೀಕ್ಷೆಯೇ ಹೆಚ್ಚು ನೆಚ್ಚಿಕೆಯದು. ತೂಕ 64 ಕಿಲೋ, ಎತ್ತರಕ್ಕೆ ತಕ್ಕ ತೂಕ ಹೇಳುವ ಬಿಎಂಐ 27, ಸೊಂಟದ ಸುತ್ತಳತೆ 88 ಸೆಂ.ಮೀ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ. ಮೀರಿದರೆ ಎಚ್ಚರ ಬೇಕು. ಖಾಲಿಹೊಟ್ಟೆಯ ಸಕ್ಕರೆಯನ್ನಷ್ಟೇ ನೋಡಿದ್ದರೆ ‘ಸ್ವಲ್ಪ ಜಾಸ್ತಿ, ಪರವಾಗಿಲ್ಲ’ ಎಂದು ಮುಗಿದುಹೋಗುತ್ತಿತ್ತು. 168 ಎಂಬ ಅಂಕಿ ಬೇರೆಯದನ್ನೇ ಹೇಳುತ್ತಿತ್ತು.

ಡಬ್ಬಿಯ ಮೇಲಿನ ಬರಹ

ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಮಾತು ಮುಗಿಸುವುದು ಸುಲಭವಿತ್ತು, ಆದರೆ ಆಕೆ ಕಾಳಜಿಯಿಂದ ಕೊಂಡ ವಸ್ತುವದು. ಕನ್ನಡಕ ಹಾಕಿಕೊಂಡು ಇಬ್ಬರೂ ಸೇರಿ ಓದಿದೆವು. ಮುಂಭಾಗದಲ್ಲಿ ದೊಡ್ಡದಾಗಿ 500 ಕೋಟಿ ಜೀವಾಣುಗಳು ಎಂಬ ಅರ್ಥದ ಬರಹವಿತ್ತು. ಹಿಂಭಾಗದಲ್ಲಿ ನಾಲ್ಕು ಬ್ಯಾಕ್ಟೀರಿಯಾಗಳ ಹೆಸರುಗಳಿದ್ದವು: ಎರಡು ಲ್ಯಾಕ್ಟೋಬ್ಯಾಸಿಲಸ್, ಒಂದು ಬಿಫಿಡೋಬ್ಯಾಕ್ಟೀರಿಯಂ, ಒಂದು ಬ್ಯಾಸಿಲಸ್. ಯಾವುದರ ಮುಂದೆಯೂ ತಳಿಯ ಸಂಕೇತ ಇರಲಿಲ್ಲ. ತಂಪಾದ ಜಾಗದಲ್ಲಿ ಇಡಬೇಕೆಂದು ಬರೆದಿತ್ತು. ಅದು ಅಡುಗೆಮನೆಯ ಒಲೆಯ ಮೇಲಿನ ಕಪಾಟಿನಲ್ಲಿ ಇತ್ತೆಂದು ಆಕೆ ಹೇಳಿದರು.

ತಳಿಯ ಸಂಕೇತ ಏಕೆ ಮುಖ್ಯವೆಂಬುದಕ್ಕೆ ಆಕೆಯ ತಂದೆಯ ಹೊಲವೇ ಸಾಕಾಯಿತು. ಬಿತ್ತನೆ ಬೀಜ ಕೊಳ್ಳುವಾಗ ಯಾವ ರೈತರೂ ಬರಿದೆ ‘ರಾಗಿ ಕೊಡಿ’ ಎನ್ನುವುದಿಲ್ಲ. ಜಿಪಿಯು 28 ಎನ್ನುತ್ತಾರೆ, ಇಂಡಾಫ್ ಎನ್ನುತ್ತಾರೆ, ಏಕೆಂದರೆ ಬೆಂಕಿರೋಗ ತಾಳುವುದು, ಇಷ್ಟು ದಿನಕ್ಕೆ ಕೊಯ್ಲಿಗೆ ಬರುವುದು ಆಯಾ ತಳಿಯ ಗುಣ. ಬ್ಯಾಕ್ಟೀರಿಯಾಗಳಲ್ಲಿಯೂ ಹೀಗೆಯೇ. ಒಂದು ತಳಿಯಲ್ಲಿ ಕಂಡ ಪರಿಣಾಮವನ್ನು ಅದೇ ಹೆಸರಿನ ಇನ್ನೊಂದು ತಳಿಯ ತಲೆಗೆ ಕಟ್ಟುವಂತಿಲ್ಲ. (ಲ್ಯಾಕ್ಟೋಬ್ಯಾಸಿಲಸ್ ಎಂಬ ಕುಲವನ್ನೇ 2020ರಲ್ಲಿ ವಿಜ್ಞಾನಿಗಳು 25 ಕುಲಗಳಾಗಿ ಬೇರ್ಪಡಿಸಿದರು. ಒಂದೇ ಹೆಸರಿನಡಿ ಎಷ್ಟೊಂದು ಬೇರೆಬೇರೆ ಜೀವಿಗಳು ತುಂಬಿಕೊಂಡಿದ್ದವೆಂಬುದು ಅದರಿಂದಲೇ ತಿಳಿಯುತ್ತದೆ.) ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಸಜೀವ ಕಣಗಳಿರಬೇಕೆಂದು ನಿಯಮ ಮಾಡಿದೆ. ಆ ಲೆಕ್ಕದಲ್ಲಿ ಈ ಡಬ್ಬಿ ದೂರುವಂಥದ್ದಲ್ಲ. ಸಂಖ್ಯೆ ಸಾಕಷ್ಟಿದ್ದ ಮಾತ್ರಕ್ಕೆ ಮಧುಮೇಹ ತಡೆಯುತ್ತದೆಂದು ಆಗುವುದಿಲ್ಲ, ಅಷ್ಟೇ.

ಹಾಗೆಂದು ಇದರ ಹಿಂದಿನ ವಿಚಾರ ಪೊಳ್ಳಲ್ಲ. ನಾವು ಅರಗಿಸಿಕೊಳ್ಳಲಾರದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಕರುಳಿನ ಗೋಡೆಯ ಜೀವಕೋಶಗಳಿಗೆ ಬ್ಯುಟಿರೇಟ್ ಮುಖ್ಯ ಆಹಾರ. ಈ ಆಮ್ಲಗಳು ಜಿಎಲ್‌ಪಿ-1 ಎಂಬ ಹಾರ್ಮೋನು ಬಿಡುಗಡೆಯಾಗಲು ಪ್ರಚೋದಿಸುತ್ತವೆ, ಅದು ಊಟದ ನಂತರ ಇನ್ಸುಲಿನ್ ಸ್ರವಿಕೆಯನ್ನು ಹೆಚ್ಚಿಸುತ್ತದೆ. ಕರುಳಿನ ಗೋಡೆ ಸಡಿಲವಾದರೆ ಬ್ಯಾಕ್ಟೀರಿಯಾಗಳ ಹೊರಕವಚದ ಚೂರುಗಳು ರಕ್ತಕ್ಕೆ ಸೇರಿ ಸಣ್ಣಮಟ್ಟದ ಉರಿಯೂತ ಎಬ್ಬಿಸುತ್ತವೆ, ಇನ್ಸುಲಿನ್ ಇನ್ನಷ್ಟು ಸೋಲುತ್ತದೆ. ಡೆನ್ಮಾರ್ಕಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗರ್ಭಾವಸ್ಥೆಯ ಮಧುಮೇಹ ಇದ್ದ ತಾಯಂದಿರ ಕರುಳಿನ ಜೀವಾಣುಗಳ ಸಂಯೋಜನೆ ಬಸಿರಿನ ಕೊನೆಯ ತಿಂಗಳುಗಳಲ್ಲಿ ಬೇರೆಯಾಗಿದ್ದುದು ಮಾತ್ರವಲ್ಲದೆ, ಹೆರಿಗೆಯಾದ ಸುಮಾರು ಎಂಟು ತಿಂಗಳವರೆಗೂ ಆ ವ್ಯತ್ಯಾಸ ಉಳಿದಿತ್ತು. ಆಕೆ ನನ್ನ ಬಳಿ ಬಂದದ್ದು ಅದೇ ಅವಧಿಯಲ್ಲಿ. ಆದ್ದರಿಂದ ‘ಕರುಳನ್ನು ಸರಿಮಾಡಿಕೊಂಡರೆ ಸಕ್ಕರೆ ಸರಿಹೋದೀತೇ?’ ಎಂಬ ಪ್ರಶ್ನೆ ಗೌರವಕ್ಕೆ ಅರ್ಹವಾದುದು.

ಪ್ರಯೋಗಗಳಲ್ಲಿ ಕಂಡದ್ದು

ಮೊದಲ ಭರವಸೆ ಹುಟ್ಟಿದ್ದು ಫಿನ್ಲೆಂಡಿನ ತುರ್ಕು ನಗರದಲ್ಲಿ. 2010ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 256 ಗರ್ಭಿಣಿಯರಿದ್ದರು. ಆಹಾರದ ಸಲಹೆಯ ಜೊತೆಗೆ ಎರಡು ನಿರ್ದಿಷ್ಟ ತಳಿಗಳ ಪ್ರೋಬಯಾಟಿಕ್ ಪಡೆದವರಲ್ಲಿ ಶೇ. 13 ಮಂದಿಗೆ ಬಸಿರಿನ ಸಕ್ಕರೆ ಬಂದರೆ, ಸಲಹೆಯೊಂದಿಗೆ ಹುಸಿಮಾತ್ರೆ ಪಡೆದವರಲ್ಲಿ ಅದು ಶೇ. 36 ಇತ್ತು. ನ್ಯೂಜಿಲೆಂಡಿನಲ್ಲಿ 423 ಗರ್ಭಿಣಿಯರಿಗೆ ಎಚ್‌ಎನ್001 ಎಂಬ ತಳಿಯನ್ನು ಕೊಟ್ಟಾಗಲೂ, ಆ ದೇಶದ ಮಾನದಂಡದಲ್ಲಿ ಅಳೆದರೆ, ಶೇ. 6.5ರ ಬದಲು ಶೇ. 2.1 ಮಂದಿಗೆ ಮಾತ್ರ ಸಕ್ಕರೆ ಬಂತೆಂದು 2017ರ ವರದಿ ಹೇಳಿತು. ಇನ್ನೂ ಬಿಗಿಯಾದ ಅಂತರರಾಷ್ಟ್ರೀಯ ಮಾನದಂಡದಲ್ಲಿ ನೋಡಿದಾಗ ಆ ವ್ಯತ್ಯಾಸ ಅಷ್ಟು ಖಚಿತವಾಗಿ ಉಳಿಯಲಿಲ್ಲ.

ನಂತರ ಆಸ್ಟ್ರೇಲಿಯಾದ ಬ್ರಿಸ್ಬೇನಿನಿಂದ ಬಂದ ಫಲಿತಾಂಶ ಲೆಕ್ಕವನ್ನು ತಿರುಗಿಸಿತು. ತೂಕ ಹೆಚ್ಚಿದ್ದ 411 ಗರ್ಭಿಣಿಯರಿಗೆ, ತುರ್ಕುವಿನಲ್ಲಿ ಬಳಸಿದ ಅದೇ ಎರಡು ತಳಿಗಳನ್ನು ಕೊಟ್ಟು ನೋಡಿ 2019ರಲ್ಲಿ ಪ್ರಕಟಿಸಿದ ಪ್ರಯೋಗವದು. ಹುಸಿಮಾತ್ರೆಯ ಗುಂಪಿನಲ್ಲಿ ಶೇ. 12.3, ಪ್ರೋಬಯಾಟಿಕ್ ಗುಂಪಿನಲ್ಲಿ ಶೇ. 18.4 ಮಂದಿಗೆ ಬಸಿರಿನ ಸಕ್ಕರೆ ಬಂತು. ವ್ಯತ್ಯಾಸ ಆಕಸ್ಮಿಕವೂ ಇದ್ದೀತು, ಆದರೆ ತಡೆಯುತ್ತದೆ ಎನ್ನಲು ಆಧಾರ ಉಳಿಯಲಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2021ರ ಪರಿಶೀಲನೆ ಏಳು ಪ್ರಯೋಗಗಳನ್ನು, ಒಟ್ಟು 1,647 ಗರ್ಭಿಣಿಯರನ್ನು ಒಟ್ಟಿಗೆ ಇಟ್ಟು ನೋಡಿ, ಬಸಿರಿನ ಸಕ್ಕರೆಯನ್ನು ತಡೆಯುತ್ತದೋ ಇಲ್ಲವೋ ಹೇಳಲಾಗದು ಎಂದಿತು. ಜೊತೆಗೆ, ಗರ್ಭಿಣಿಯ ರಕ್ತದೊತ್ತಡ ಏರುವ ಪ್ರೀಎಕ್ಲಾಂಪ್ಸಿಯಾ ಪ್ರೋಬಯಾಟಿಕ್ ಪಡೆದವರಲ್ಲಿ ಹೆಚ್ಚು, ಸುಮಾರು 1.85 ಪಟ್ಟು, ಕಂಡುಬಂದುದನ್ನು ಎಚ್ಚರಿಕೆಯಾಗಿ ದಾಖಲಿಸಿತು.

ಇವೆಲ್ಲ ಬಸಿರಿನ ಅವಧಿಯ ಪ್ರಯೋಗಗಳು. ಹೆರಿಗೆಯ ನಂತರ, ಅಂದರೆ ನಮ್ಮ ಪ್ರಕರಣದ ತಾಯಿಯಂಥವರಲ್ಲಿ, ನಡೆದ ಪ್ರಯೋಗಗಳು ಚಿಕ್ಕವು, ಕೆಲವೇ ವಾರ ಅಥವಾ ತಿಂಗಳುಗಳವು. ವರ್ಷಗಳ ನಂತರ ಮಧುಮೇಹ ಬರುವುದನ್ನು ತಪ್ಪಿಸಿತೆಂದು ಅವು ತೋರಿಸಿಲ್ಲ. ಮಧುಮೇಹ ಈಗಾಗಲೇ ಇರುವವರಲ್ಲಿ ಪ್ರೋಬಯಾಟಿಕ್‌ನಿಂದ ಖಾಲಿಹೊಟ್ಟೆಯ ಸಕ್ಕರೆ ಅಲ್ಪಸ್ವಲ್ಪ ಇಳಿದ ವರದಿಗಳಿವೆ. ಬೆಲ್ಜಿಯಂನಲ್ಲಿ, ಅಕ್ಕರ್ಮಾನ್ಸಿಯಾ ಎಂಬ ಬ್ಯಾಕ್ಟೀರಿಯಾವನ್ನು ತೂಕ ಹೆಚ್ಚಿದ್ದ 32 ಮಂದಿಯಲ್ಲಿ ಮೂರು ತಿಂಗಳು ಪರೀಕ್ಷಿಸಿದಾಗ ಇನ್ಸುಲಿನ್‌ನ ಕೆಲಸ ಸುಧಾರಿಸಿದ್ದು 2019ರಲ್ಲಿ ವರದಿಯಾಯಿತು. ಕೆಲಸ ಮಾಡಿದ್ದು ಪಾಶ್ಚರೀಕರಿಸಿದ, ಅಂದರೆ ಜೀವ ತೆಗೆದ ರೂಪ ಎಂಬುದು ನನಗೆ ಬಹಳ ಕುತೂಹಲದ ಸಂಗತಿ. ಈ ದಾರಿಯಲ್ಲಿ ಮುಂದೆ ಒಳ್ಳೆಯದು ಸಿಗಬಹುದೆಂದು ನಾನು ನಿಜವಾಗಿ ಆಶಿಸುತ್ತೇನೆ. ಆದರೆ ಎದುರಿಗೆ ಕೂತ ತಾಯಿಯ 168ಕ್ಕೆ ಆ ಆಶೆಯನ್ನು ಔಷಧಿಯಾಗಿ ಕೊಡಲು ಬರುವುದಿಲ್ಲ.

ಅದಕ್ಕಿಂತ ಗಟ್ಟಿಯಾದ ಆಧಾರ ಇರುವ ಸಂಗತಿಗಳಿವೆ. ಅಮೆರಿಕದ ದೊಡ್ಡ ಮಧುಮೇಹ ತಡೆ ಪ್ರಯೋಗದಲ್ಲಿ, ಹಿಂದೆ ಬಸಿರಿನ ಸಕ್ಕರೆ ಇದ್ದು ಈಗ ಹೊಸ್ತಿಲಲ್ಲಿ ನಿಂತ ಹೆಂಗಸರಲ್ಲಿ, ತೂಕ ಇಳಿಸಿ ನಡಿಗೆ ರೂಢಿಸಿಕೊಂಡವರಿಗೆ ಮಧುಮೇಹ ಬರುವುದು ಸುಮಾರು ಶೇ. 53, ಮೆಟ್‌ಫಾರ್ಮಿನ್ ಪಡೆದವರಿಗೆ ಸುಮಾರು ಶೇ. 50 ಕಡಿಮೆಯಾಯಿತು. ಕ್ಯಾಲಿಫೋರ್ನಿಯಾದಲ್ಲಿ ಬಸಿರಿನ ಸಕ್ಕರೆ ಇದ್ದ 1,035 ತಾಯಂದಿರನ್ನು ಹಿಂಬಾಲಿಸಿದ ಅಧ್ಯಯನ, ಹತ್ತು ತಿಂಗಳಿಗಿಂತ ಹೆಚ್ಚು ಕಾಲ ಎದೆಹಾಲು ಕುಡಿಸಿದವರಲ್ಲಿ ಎರಡು ವರ್ಷದೊಳಗೆ ಮಧುಮೇಹ ಬರುವುದು ಅರ್ಧಕ್ಕಿಂತಲೂ ಕಡಿಮೆ ಎಂದು 2015ರಲ್ಲಿ ಹೇಳಿತು. ಇದನ್ನು ಕೇಳಿದಾಗ ಆಕೆಯ ಮುಖದಲ್ಲಿ ಮೊದಲ ಬಾರಿಗೆ ನೆಮ್ಮದಿ ಕಂಡೆ. ಹಾಲು ಸಾಲುತ್ತಿಲ್ಲವೆಂದು ಡಬ್ಬಿಹಾಲು ಶುರುಮಾಡುವ ಯೋಚನೆ ಅವರ ಮನೆಯಲ್ಲಿ ನಡೆದಿತ್ತಂತೆ.

ಆದರೂ ಸುಮ್ಮನೆ ಸಲಹೆ ಕೊಟ್ಟರೆ ಸಾಲದೆಂಬುದಕ್ಕೆ ನಮ್ಮ ಕಡೆಯದೇ ಪಾಠವಿದೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 19 ಆಸ್ಪತ್ರೆಗಳಲ್ಲಿ 1,600ಕ್ಕೂ ಹೆಚ್ಚು ತಾಯಂದಿರು ಪಾಲ್ಗೊಂಡ ‘ಲಿವಿಂಗ್’ ಪ್ರಯೋಗದಲ್ಲಿ, ಹೆರಿಗೆಯ ನಂತರ ಹಗುರವಾದ ಜೀವನಶೈಲಿ ತರಬೇತಿ ಕೊಟ್ಟ ಗುಂಪಿನಲ್ಲಿಯೂ ಎಂದಿನ ಆರೈಕೆಯ ಗುಂಪಿನಲ್ಲಿಯೂ ಸುಮಾರು ನಾಲ್ಕರಲ್ಲಿ ಒಬ್ಬರ ಸಕ್ಕರೆ ಸ್ಥಿತಿ ಹದಗೆಟ್ಟಿತು. ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಸುಗೂಸನ್ನು ಹೊತ್ತ ತಾಯಿಗೆ ‘ವ್ಯಾಯಾಮ ಮಾಡಿ’ ಎಂದು ಹೇಳಿ ಕಳುಹಿಸಿದರೆ ಏನಾಗುತ್ತದೆಂದು ಆಹಾರತಜ್ಞರಾದ ನಾವು ಗಮನವಿಟ್ಟು ಯೋಚಿಸಬೇಕಾದ ಫಲಿತಾಂಶ ಇದು.

ಬಾಣಂತಿ ಕೋಣೆಯ ಊಟ

ಐದು ತಿಂಗಳು ಏನು ಉಂಡಿರೆಂದು ಕೇಳಿದೆ. ಉತ್ತರವನ್ನು ಹೆಚ್ಚಾಗಿ ಅವರ ತಾಯಿಯೇ ಕೊಟ್ಟರು. ಮೊದಲ ಮೂರು ತಿಂಗಳು ದಿನಕ್ಕೆ ಮೂರು ಹೊತ್ತು ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು, ಬೆಳ್ಳುಳ್ಳಿ. ನಡುವೆ ಅಂಟಿನುಂಡೆ ಬೆಳಗ್ಗೆ ಒಂದು, ಸಂಜೆ ಒಂದು, ಕೊಬ್ಬರಿ, ಬೆಲ್ಲ, ಉತ್ತುತ್ತೆ, ಗಸಗಸೆ ಹಾಕಿದ್ದು. ಮಲಗುವ ಮುನ್ನ ಸಕ್ಕರೆ ಹಾಕಿದ ಹಾಲು. ತರಕಾರಿಯಲ್ಲಿ ಹೀರೆಕಾಯಿ, ಸಬ್ಬಸಿಗೆ ಸೊಪ್ಪು ಅಪರೂಪಕ್ಕೆ. ನೀರು ಅಳತೆಯಲ್ಲಿ. ಮೊಸರು, ಮಜ್ಜಿಗೆ ಶೀತವೆಂದು ಪೂರ್ತಿ ನಿಷೇಧ, ಐದನೇ ತಿಂಗಳಾದರೂ ಮುಟ್ಟಿಸಿರಲಿಲ್ಲ.

ಅದೇ ಮನೆಯಲ್ಲಿ, ಅದೇ ಮಗಳಿಗೆ, ಮೊಸರಿನ ಬ್ಯಾಕ್ಟೀರಿಯಾದ ಹತ್ತಿರದ ಸಂಬಂಧಿಗಳನ್ನು ಕ್ಯಾಪ್ಸೂಲಿನಲ್ಲಿ ತುಂಬಿ ದಿನವೂ ಕೊಡಲಾಗುತ್ತಿತ್ತು. ಇದನ್ನು ಹೇಳಿದಾಗ ಆಕೆಯ ತಾಯಿ ಸ್ವಲ್ಪ ಹೊತ್ತು ಸುಮ್ಮನಾಗಿ, ‘ಹಾಗಾದರೆ ಮೊಸರೇ ಕೊಡಬಹುದಿತ್ತಲ್ಲ’ ಎಂದರು. ಮನೆಯ ಮೊಸರನ್ನು ಪ್ರೋಬಯಾಟಿಕ್ ಎಂದು ನಾನು ಕರೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಗಳ ತಜ್ಞರು 2001ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ, ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಪ್ರಯೋಜನ ಕೊಡುವ ಸಜೀವ ಸೂಕ್ಷ್ಮಾಣುಗಳು ಮಾತ್ರ ಪ್ರೋಬಯಾಟಿಕ್. ಮನೆಯ ಹೆಪ್ಪಿನಲ್ಲಿ ಯಾವ ತಳಿ, ಎಷ್ಟು ಇವೆಯೆಂದು ಯಾರೂ ಅಳೆದಿರುವುದಿಲ್ಲ, ಮಜ್ಜಿಗೆಹುಳಿ ಕುದಿಸಿದರೆ ಇದ್ದವೂ ಸಾಯುತ್ತವೆ. ಆದರೆ ಮೊಸರಿನಲ್ಲಿ ಪ್ರೋಟೀನ್ ಇದೆ, ಕ್ಯಾಲ್ಸಿಯಂ ಇದೆ, ಅನ್ನದ ಪಾಲನ್ನು ಅದು ಸಹಜವಾಗಿ ಕಡಿಮೆ ಮಾಡುತ್ತದೆ. ಮಧ್ಯಾಹ್ನ, ಫ್ರಿಜ್ಜಿನಿಂದ ತೆಗೆದದ್ದಲ್ಲದ, ಹುಳಿಯೇರದ ಒಂದು ಬಟ್ಟಲು ಮೊಸರು ಎಂದು ಒಪ್ಪಂದವಾಯಿತು.

ಬಾಣಂತನವನ್ನು ಹಳೆಯ ಕಾಲದ ಕಟ್ಟುಪಾಡೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಮೂರು ತಿಂಗಳು ಒಬ್ಬ ಹೆಣ್ಣನ್ನು ಎಣ್ಣೆ-ನೀರು ಹಾಕಿ, ಮಲಗಿಸಿ, ಬಿಸಿಬಿಸಿ ಊಟವಿಕ್ಕಿ ನೋಡಿಕೊಳ್ಳುವ ಪದ್ಧತಿ ದೊಡ್ಡದು. ಅದು ಹೊಲದಲ್ಲಿ ದುಡಿದು, ಬಸವಳಿದು, ರಕ್ತ ಕಳೆದುಕೊಂಡ ತಾಯಿಗೆಂದು ರೂಪುಗೊಂಡದ್ದು. ಬಸಿರಿನಲ್ಲಿ ಸಕ್ಕರೆ ಏರಿದ್ದ, ಕೂತು ಮಾಡುವ ಕೆಲಸದ ತಾಯಿಗೆ ಅದೇ ಪಟ್ಟಿಯೊಳಗೆ ಅಳತೆ ಬದಲಾಗಬೇಕು. ಬದಲಾವಣೆಗೆ ಬೇಕಾದದ್ದೂ ಬಾಣಂತಿಗೆ ಒಪ್ಪಿತವಾದ ಪದಾರ್ಥಗಳಲ್ಲೇ ಇದೆ. ಮೆಂತ್ಯದಲ್ಲಿ ಕರಗುವ ನಾರು ಧಾರಾಳ. ಬೆಳ್ಳುಳ್ಳಿಯಲ್ಲಿ ಕರುಳಿನ ಬ್ಯಾಕ್ಟೀರಿಯಾಗಳು ಇಷ್ಟಪಡುವ ಫ್ರಕ್ಟಾನ್ ಎಂಬ ನಾರುಗಳಿವೆ. ಸಬ್ಬಸಿಗೆ, ಹೀರೆಕಾಯಿ, ಹೆಸರುಬೇಳೆ ಯಾರ ಆಕ್ಷೇಪಣೆಗೂ ಒಳಗಾಗುವುದಿಲ್ಲ. ಹೊರಗಿನಿಂದ ಹೊಸ ಬ್ಯಾಕ್ಟೀರಿಯಾ ತರುವ ಮೊದಲು ಒಳಗಿರುವವಕ್ಕೆ ಊಟ ಹಾಕಬೇಕೆಂಬುದು ಈ ಪ್ರಕರಣದಲ್ಲಿ ನನ್ನ ಖಚಿತ ನಿಲುವು.

ರಾಗಿಯ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಅದೇ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಕೂಡ ಇದೆ, ಅದರಲ್ಲಿ ಹೆಚ್ಚಿನದು ಪಿಷ್ಟ. ‘ರಾಗಿಗೆ ಸಕ್ಕರೆ ಏರೋದಿಲ್ಲ’ ಎಂದು ಎರಡು ದೊಡ್ಡ ಮುದ್ದೆ ಉಂಡರೆ, ಅಥವಾ ನುಣ್ಣಗೆ ಸೋಸಿದ ಹಿಟ್ಟಿನ ಗಂಜಿ ಕುಡಿದರೆ, ಏರಿಯೇ ಏರುತ್ತದೆ. ಒಂದು ಚಿಕ್ಕ ಮುದ್ದೆ, ಅದರ ಎರಡರಷ್ಟು ಸೊಪ್ಪುಸಾರು ಅಥವಾ ಬಸ್ಸಾರಿನ ಪಲ್ಯ ಎಂದು ತಟ್ಟೆಯಲ್ಲೇ ಅಳತೆ ತೋರಿಸಿದೆ.

ತೀರ್ಮಾನಿಸಿದ್ದು, ಆದದ್ದು

ಕ್ಯಾಪ್ಸೂಲಿನ ಬಗ್ಗೆ: ಇರುವ ಡಬ್ಬಿ ಮುಗಿಸಿದರೆ ಆರೋಗ್ಯವಂತ ಹೆಂಗಸಿಗೆ ತೊಂದರೆಯಿಲ್ಲ, ಹೊಸದು ಕೊಳ್ಳುವುದು ಬೇಡ. ಎರಡನೇ ಮಗುವಿನ ಯೋಚನೆ ಇದೆಯೆಂದು ಆಕೆ ಹೇಳಿದ್ದರಿಂದ ಇನ್ನೊಂದನ್ನು ಒತ್ತಿ ಹೇಳಬೇಕಾಯಿತು. ಮತ್ತೆ ಬಸುರಾದ ಮೇಲೆ ‘ಸಕ್ಕರೆ ಬರದಿರಲಿ’ ಎಂದು ಇದನ್ನು ತಾವಾಗಿ ಮತ್ತೆ ಶುರುಮಾಡುವುದು ಸಲ್ಲ, ರಕ್ತದೊತ್ತಡದ ಆ ಎಚ್ಚರಿಕೆ ಇರುವುದು ಬಸಿರಿಗೇ. ಮೆಟ್‌ಫಾರ್ಮಿನ್ ಎದೆಹಾಲಿಗೆ ಸೇರುವುದು ಅತ್ಯಲ್ಪ, ಹಾಲುಣಿಸುವಾಗ ಕೊಡಬಹುದು ಎಂದು ವೈದ್ಯರು ಆ ಆಯ್ಕೆಯನ್ನೂ ಮುಂದಿಟ್ಟರು. ಆಕೆ ಮಗುವಿಗೆ ವರ್ಷ ತುಂಬುವವರೆಗೆ ಊಟ ಮತ್ತು ನಡಿಗೆಯಲ್ಲಿ ಪ್ರಯತ್ನಿಸುವೆನೆಂದರು, ವೈದ್ಯರು ಒಪ್ಪಿದರು.

ನಡಿಗೆ ಹೇಗೆಂಬುದೇ ಕಷ್ಟದ ಭಾಗವಾಗಿತ್ತು. ಬೆಳಗ್ಗೆ ಮಗು ಬಿಡುವುದಿಲ್ಲ, ಸಂಜೆ ಅಡುಗೆ. ಕೊನೆಗೆ ಮೂರು ಊಟದ ನಂತರವೂ ಹದಿನೈದು ನಿಮಿಷ, ಮಗುವನ್ನು ಎತ್ತಿಕೊಂಡೇ, ಮನೆಯ ಮುಂದಿನ ಬೀದಿಯ ಕೊನೆಯ ಹೊಂಗೆಮರದವರೆಗೆ ಹೋಗಿ ಬರುವುದೆಂದು ನಿಂತಿತು. ರಾತ್ರಿಯ ನಡಿಗೆಗೆ ಗಂಡ ಜೊತೆಯಾದರು. ಅಂಟಿನುಂಡೆ ಅಳಿದು ಅದರ ಜಾಗಕ್ಕೆ ಹುರಿದ ಕಡಲೆ, ಒಂದು ಹಿಡಿ ಶೇಂಗಾ ಬಂದವು.

ಮಗುವಿಗೆ ಒಂಬತ್ತು ತಿಂಗಳಾದಾಗ ತೂಕ 61.8 ಕಿಲೋ, ವರ್ಷ ತುಂಬಿದಾಗ 60.5. ಆಗ ಮಾಡಿಸಿದ ಪರೀಕ್ಷೆಯಲ್ಲಿ ಖಾಲಿಹೊಟ್ಟೆಯ ಸಕ್ಕರೆ 97, ಎರಡು ಗಂಟೆಯದು 146, ಎಚ್‌ಬಿಎ1ಸಿ 5.7. ಎದೆಹಾಲು ಮುಂದುವರಿದಿತ್ತು. ಸುಧಾರಣೆ ಇದೆ, ಆದರೆ 140ರ ಗೆರೆಯ ಮೇಲೆಯೇ ಇದ್ದಾರೆ. ಇದರಲ್ಲಿ ತೂಕದ ಪಾಲೆಷ್ಟು, ಹಾಲುಣಿಸಿದ್ದರ ಪಾಲೆಷ್ಟು, ನಾರಿನದೆಷ್ಟು ಎಂದು ಬಿಡಿಸಿ ಹೇಳಲು ಒಂದು ಪ್ರಕರಣದಿಂದ ಆಗದು. ಡಬ್ಬಿಯ ಉಳಿದರ್ಧ ಕ್ಯಾಪ್ಸೂಲುಗಳ ಪಾಲೂ ಅಷ್ಟೇ. ಹೀಗೊಬ್ಬರಿಗೆ ಒಳ್ಳೆಯದಾದದ್ದನ್ನು ಕಂಡೇ ನೆಂಟರಿಷ್ಟರಲ್ಲಿ ‘ಆ ಕ್ಯಾಪ್ಸೂಲು ತಗೊಂಡು ಸರಿಹೋದಳು’ ಎಂಬ ಮಾತು ಹುಟ್ಟುವುದರಿಂದ ಇದನ್ನು ಬರೆದಿಡುತ್ತಿದ್ದೇನೆ. ಆಕೆಗೂ ಅವರ ತಾಯಿಗೂ ಬಾಯಿಬಿಟ್ಟು ಹೇಳಿದ್ದೇನೆ.

ಆ ದಿನ ನಾವು ಮಾಡಿದ ಇನ್ನೊಂದು ಕೆಲಸಕ್ಕೆ ಐದು ನಿಮಿಷ ಹಿಡಿಯಿತು. ಮಗುವಿನ ಚುಚ್ಚುಮದ್ದಿನ ದಿನಾಂಕಗಳಿರುವ ತಾಯಿ ಕಾರ್ಡನ್ನು ಆ ಮನೆಯಲ್ಲಿ ಯಾರೂ ಮರೆಯುವುದಿಲ್ಲ, ಊರಿಂದೂರಿಗೆ ಹೋದರೂ ಅದು ಜೊತೆಗೇ ಹೋಗುತ್ತದೆ. ಅದರಲ್ಲಿ ಹದಿನಾರನೇ ತಿಂಗಳ ಬೂಸ್ಟರಿನ ಸಾಲಿನ ಪಕ್ಕ ನೀಲಿ ಪೆನ್ನಿನಲ್ಲಿ ‘ಅಮ್ಮನ ಸಕ್ಕರೆ’ ಎಂದು ಬರೆದೆವು. ಐದನೇ ವರ್ಷದ ಚುಚ್ಚುಮದ್ದಿನ ಪಕ್ಕದಲ್ಲೂ ಬರೆದೆವು, ನಡುವಿನ ವರ್ಷಗಳಿಗೆ ಮಗುವಿನ ಹುಟ್ಟುಹಬ್ಬದ ತಿಂಗಳನ್ನು ಗೊತ್ತುಮಾಡಿದೆವು. ಕಾರ್ಡಿನ ಕೆಳಗಿನ ಅಂಚಿನಲ್ಲಿ, ಮುಂದಿನ ಬಸಿರಿಗೆ ಮುನ್ನ ಒಮ್ಮೆ, ಬಸಿರು ಖಚಿತವಾದ ಮೊದಲ ಭೇಟಿಯಲ್ಲೇ ಇನ್ನೊಮ್ಮೆ ಎಂದು ಆಕೆಯೇ ತಮ್ಮ ಕೈಬರಹದಲ್ಲಿ ಸೇರಿಸಿದರು. ಹದಿನಾರನೇ ತಿಂಗಳಿಗೆ ಮಗುವಿನ ತೋಳಿಗೆ ಸೂಜಿ ಚುಚ್ಚಿಸಿದ ಬೆಳಗ್ಗೆಯೇ ಆಕೆ ಖಾಲಿಹೊಟ್ಟೆಯಲ್ಲಿ ಬಂದು, ಗ್ಲೂಕೋಸ್ ನೀರಿನ ಲೋಟ ಹಿಡಿದು ಕೂತಿದ್ದರು.